ಟೊಮೆಟೊ ಮಂಡಿಯಲ್ಲಿ ವಿದೇಶಾಂಗ ಖಾತೆ

ನಾನು ನಿವೃತ್ತನಾದಾಗ ನನಗೆ ಮೂವತ್ತೊಂದು ವರ್ಷ. ನಗಬೇಡಿ. ಕ್ರಿಕೆಟ್ ಆಡುವವನು ಆ ವಯಸ್ಸಿಗೆ ನಿವೃತ್ತನಾದರೆ ಊರೆಲ್ಲ ಮುಖ ಸಪ್ಪೆ ಮಾಡಿಕೊಳ್ಳುತ್ತದೆ, ಟೊಮೆಟೊ ಮಂಡಿಯವನಾದರೆ ಮಾತ್ರ ನಗು ಬರುತ್ತದೆ. ನನಗೂ ಶಾಲು ಹೊದಿಸಿದರು, ಸುಗಂಧರಾಜದ ಹಾರ ಹಾಕಿದರು. ಹಮಾಲಿಗಳೆಲ್ಲ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಬಾಂಗ್ಲಾದೇಶದ ಟೈಮಿಗೆ ಇಟ್ಟಿದ್ದರು. ನಮಗಿಂತ ಅರ್ಧ ಗಂಟೆ ಮುಂದೆ. ಮನೆಯಲ್ಲಿ ಇವತ್ತಿಗೂ ಅದನ್ನು ಬದಲಾಯಿಸಿಲ್ಲ. ಅದರ ಪುಣ್ಯದಿಂದ ನಾನೀಗ ದುಡಿಯುವ ನರಸಾಪುರದ ಕಂಪನಿಯ ಬಸ್ಸು ನನಗೆ ಒಂದು ದಿನವೂ ತಪ್ಪಿಲ್ಲ.

ಈಗ ಕೋಲಾರದ ಮಂಡಿಗಳಲ್ಲಿ ಹೊಸಬರು ಈ ಕೆಲಸಕ್ಕೆ ಸೇರುತ್ತಿದ್ದಾರೆ. ಪ್ರತಿ ಮಂಡಿಗೂ ಒಬ್ಬ ‘ಫಾರಿನ್’ ನೋಡಿಕೊಳ್ಳುವವನು ಬೇಕಂತೆ. ಸೇರಿದವರು ನನ್ನನ್ನು ಹುಡುಕಿಕೊಂಡು ಬಂದು ಕೇಳುವ ಮೊದಲ ಪ್ರಶ್ನೆ, “ಅಣ್ಣಾ, ಯಾವ ಚಾನೆಲ್ ನೋಡ್ಬೇಕು?” ಅಂತ. ಅವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು ಎಂಬುದನ್ನು ಬರೆಯುವುದಿಲ್ಲ. ಏರಿದ್ದರೆ ಬರೆಯುತ್ತಿದ್ದೆ. ನನ್ನ ಒಂದೇ ಒಂದು ತಪ್ಪಿನಿಂದ ನನ್ನ ಸೋದರತ್ತೆ ತನ್ನ ಜಮೀನಿನಲ್ಲಿ ಏನು ಬೆಳೆಯಬೇಕು ಎಂದು ಹೇಳುವ ಹಕ್ಕನ್ನೇ ಕಳೆದುಕೊಳ್ಳುವುದರಲ್ಲಿದ್ದಳು. ಅದನ್ನು ಹೇಳದೆ ಬೇರೆ ಏನು ಹೇಳಿದರೂ ಅದು ಬರೀ ಬಡಾಯಿ.

ಮೊದಲು ಕೆಲಸ ಏನೆಂದು ತಿಳಿಯಿರಿ. ಟೊಮೆಟೊ ಬಿಡಿಸುವುದರಲ್ಲಿ ಎರಡು ಬಗೆ. ಬೆಂಗಳೂರಿಗೋ ಮದ್ರಾಸಿಗೋ ಹೋಗಬೇಕಾದರೆ ಕೆಂಪಗೆ ಹಣ್ಣಾಗುವವರೆಗೆ ಗಿಡದಲ್ಲಿ ಬಿಡುತ್ತಾರೆ. ದೂರದ ಬಾಂಗ್ಲಾ ಗಡಿಗೆ ಹೋಗಬೇಕಾದರೆ ದೋರಗಾಯಿಯಲ್ಲೇ, ಅಂದರೆ ಹಸಿರು ಇನ್ನೂ ಪೂರ್ತಿ ಹೋಗದೆ ಕೆನ್ನೆಯ ಮೇಲೆ ಒಂದು ಚೂರು ಬಣ್ಣ ಬಂದಾಗಲೇ ಬಿಡಿಸಬೇಕು. ದಾರಿಯಲ್ಲಿ ನಾಲ್ಕೈದು ದಿನ ಕಳೆದು ಅಲ್ಲಿಗೆ ಹೋಗುವಷ್ಟರಲ್ಲಿ ಅದು ಹಣ್ಣಾಗಿರುತ್ತದೆ. ಹಾಗಾಗಿ ಗಡಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ದೆಹಲಿಯವರಿಗಿಂತ ಮೊದಲು ಮುಳಬಾಗಿಲು ತಾಲ್ಲೂಕಿನ ರೈತನಿಗೆ ಗೊತ್ತಾಗಬೇಕು. ಒಂದು ಸಲ ದೋರಗಾಯಿ ಬಿಡಿಸಿದ ಮೇಲೆ ಅದನ್ನು ಮತ್ತೆ ಗಿಡಕ್ಕೆ ಅಂಟಿಸಲು ಬರುವುದಿಲ್ಲ.

ನಮ್ಮ ಮಂಡಿಯ ಯಜಮಾನರು ಪಾಪಣ್ಣನವರು. ದಪ್ಪ ಕನ್ನಡಕ, ಕಿವಿಯಲ್ಲಿ ಪೆನ್ನು. ಹರಾಜಿನ ಹೊತ್ತಿನಲ್ಲಿ ಅವರ ಗಂಟಲು ಕೇಳಿದರೆ ಬಸ್‌ಸ್ಟ್ಯಾಂಡಿನ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ನಾನು ಐಟಿಐ ಮುಗಿಸಿ ಅವರಲ್ಲಿ ಚೀಟಿ ಬರೆಯಲು ಸೇರಿದ್ದೆ. ಟೀ ಅಂಗಡಿಯಲ್ಲಿ ಯಾವ ದೇಶ ಯಾರ ಜೊತೆ ಮಾತು ಬಿಟ್ಟಿದೆ, ಯಾರು ಯಾರಿಗೆ ಹಡಗು ಕಳಿಸಿದ್ದಾರೆ ಎಂದು ನಾನು ಬಾಯಿ ಬಡಿದುಕೊಳ್ಳುವುದನ್ನು ಅವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದರು. ಇದನ್ನೆಲ್ಲ ನನಗೆ ಯಾರೂ ಕಲಿಸಿದ್ದಲ್ಲ. ಮೊಬೈಲಿನಲ್ಲಿ ನೋಡಿ ನೋಡಿ ತಲೆಗೆ ಹತ್ತಿಸಿಕೊಂಡಿದ್ದೆ.

“ಲೇ ಮಂಜ, ನಿಂಗೆ ಇಂಗ್ಲಿಷ್ ಬರ್ತದಾ?” ಎಂದರು.

“ಓದಕ್ಕೆ ಬರ್ತದೆ ಯಜಮಾನ್ರೇ. ಮಾತಾಡಕ್ಕೆ ಧೈರ್ಯ ಬರಲ್ಲ.”

“ಮಾತಾಡ್ಬೇಡ. ಓದಿ ನಂಗೆ ಹೇಳು. ಆ ಗಡಿ ನಾಳೆ ತೆಗ್ದಿರ್ತದಾ ಇಲ್ವಾ, ಅಷ್ಟೇ.”

ಮರುದಿನವೇ ವಿಸಿಟಿಂಗ್ ಕಾರ್ಡು ಬಂತು. ‘ಮಂಜುನಾಥ್, ವಿದೇಶ ವ್ಯವಹಾರ’ ಎಂದು ಅಚ್ಚಾಗಿತ್ತು. ಮೂಲೆಯಲ್ಲಿ ಒಂದು ವಿಮಾನ, ಅದರ ಕೆಳಗೆ ಒಂದು ಟೊಮೆಟೊ. ರೈತರಿಗೆ ನಾನು ‘ಫಾರಿನ್ ಮಂಜ’ ಆದೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ದೊಡ್ಡ ದೇಶಗಳ ಮೇಲೆ ಭಾಷಣ. ಒಂದು ಬೆಳಿಗ್ಗೆ, ಹರಾಜು ಶುರುವಾಗುವ ಮೊದಲು, ಕ್ರೇಟಿನ ಮೇಲೆ ನಿಂತು ಅಮೆರಿಕ ಮತ್ತು ಚೀನಾ ಒಬ್ಬರ ಸರಕಿಗೆ ಒಬ್ಬರು ಸುಂಕ ಏರಿಸುತ್ತಿರುವುದನ್ನು ವಿವರಿಸಿದೆ. ಜಗತ್ತಿನ ವ್ಯಾಪಾರವೇ ಎರಡು ಹೋಳಾಗುತ್ತದೆ, ಹಳೆಯ ಸ್ನೇಹಗಳು ಮುರಿದು ಹೊಸ ಕೂಟಗಳು ಏಳುತ್ತವೆ, ಇದು ನಮಗೆ ಬಂದ ದೊಡ್ಡ ಅವಕಾಶ ಎಂದೆಲ್ಲ ಮುಕ್ಕಾಲು ಗಂಟೆ ಹೇಳಿದೆ. ಮಾಲೂರು ಕಡೆಯ ಅಜ್ಜನೊಬ್ಬರು ಬೀಡಿ ಆರಿಸಿ, ಕೈ ಎತ್ತಿ ಕೇಳಿದರು.

“ಅವ್ರು ನಮ್ಮ ಟಮೋಟ ತಿಂತಾರೇನಪ್ಪಾ?”

ನಾನು ಯೋಚಿಸಿದೆ. “ಇಲ್ಲ ತಾತ.”

“ಮರಿ ಆ ಗೊಡವ ಮನಕೆಂದುಕು ನಾಯನಾ?” ಎಂದು ತೆಲುಗಿನಲ್ಲೇ ಮುಗಿಸಿಬಿಟ್ಟರು. ಹಾಗಾದರೆ ಆ ಉಸಾಬರಿ ನಮಗ್ಯಾಕೆ ಮಗಾ ಎಂದು. ಮಂಡಿಯೆಲ್ಲ ನಕ್ಕಿತು. ನಾನು ಕ್ರೇಟಿನಿಂದ ಇಳಿದೆ. ವಿಶ್ವವಿದ್ಯಾಲಯಗಳಲ್ಲೂ ಆ ಅಜ್ಜನಂಥ ಒಬ್ಬರನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಪಾಠ ಯಜಮಾನರಿಂದಲೇ ಆಯಿತು. ಪಾಕಿಸ್ತಾನದ ಕಡೆಯ ಗಡಿಯಲ್ಲಿ ವಾತಾವರಣ ಕೆಟ್ಟು ವ್ಯಾಪಾರ ನಿಂತಿದ್ದ ದಿನಗಳು. ಟೀವಿಯವರು ಮಂಡಿಗೆ ಬಂದರು. ಪಾಪಣ್ಣನವರು ಕನ್ನಡಕ ಒರೆಸಿಕೊಂಡು, ಒಂದು ಟೊಮೆಟೊವನ್ನು ಕೈಯಲ್ಲಿ ಬಾಂಬಿನಂತೆ ಎತ್ತಿ ಹಿಡಿದು ಗುಡುಗಿದರು.

“ನಮ್ಮ ಮಂಡಿಯಿಂದ ಒಂದು ಹಣ್ಣೂ ಹೋಗಲ್ಲ! ಕೊಳೆತ್ರೂ ಪರ್ವಾಗಿಲ್ಲ!”

ವರದಿಗಾರ್ತಿ ಕೇಳಿದರು, “ಸರ್, ಇದುವರೆಗೆ ನಿಮ್ಮಲ್ಲಿಂದ ಆ ದೇಶಕ್ಕೆ ಎಷ್ಟು ಲೋಡ್ ಹೋಗ್ತಿತ್ತು?”

ಯಜಮಾನರು ನನ್ನ ಕಡೆ ತಿರುಗಿದರು. ವಿದೇಶಾಂಗ ಖಾತೆ ನನ್ನದು ತಾನೇ? ನನ್ನ ಕಾಲದಲ್ಲಿ ನಮ್ಮ ಮಂಡಿಯಿಂದ ಆ ಕಡೆಗೆ ಒಂದು ಚೀಲವೂ ಹೋಗಿರಲಿಲ್ಲ.

“ಅದು ದೇಶದ ಭದ್ರತೆಯ ವಿಷಯ ಮೇಡಂ. ಹೇಳೋ ಹಾಗಿಲ್ಲ” ಎಂದೆ.

ಆ ತುಣುಕು ಮೊಬೈಲುಗಳಲ್ಲಿ ಹರಿದಾಡಿತು. ಮರುದಿನ ತಿರುಚ್ಚಿಯಿಂದ ನಮ್ಮ ಖಾಯಂ ವ್ಯಾಪಾರಿಯ ಫೋನು. ಅವರಿಗೆ ಕನ್ನಡ ಬಾರದು, ಪಾಪಣ್ಣನವರ ಕೋಪ ಮಾತ್ರ ಅರ್ಥವಾಗಿತ್ತು. ನಮಗೂ ಸರಕು ನಿಲ್ಲಿಸಿಬಿಟ್ಟಿರಾ, ನಾವೇನು ತಪ್ಪು ಮಾಡಿದೆವು ಎಂದು ಅಳುವ ದನಿಯಲ್ಲಿ ಕೇಳುತ್ತಿದ್ದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಆ ದಿನದ ಹರಾಜೇ ಮುಗಿದಿತ್ತು. ಹೋಗದೇ ಇರುವ ಲೋಡನ್ನು ನಿಲ್ಲಿಸುವಷ್ಟು ಸುಲಭವಾದ ಶೌರ್ಯ ಇನ್ನೊಂದಿಲ್ಲ, ಆದರೆ ಅದಕ್ಕೂ ಖರ್ಚು ಇದೆ.

ಪಾಪಣ್ಣನವರು ತಮ್ಮ ರಾಜನೀತಿಯನ್ನೆಲ್ಲ ಆ ಸಂಜೆ ಒಂದೇ ಉಸಿರಿಗೆ ಹೇಳಿದರು. “ಗಡಿ ಅಂದ್ರೆ ಹೊಲದ ಬದು ಕಣೋ. ಬದುಗೆ ತಲೆ ಒಡ್ಕೊಂಡೋರೂ ಮದ್ವೆ ಊಟಕ್ಕೆ ಒಂದೇ ಪಂಕ್ತಿನಾಗೆ ಕೂರ್ತಾರೆ. ಯಾವಾಗ ಕೂರ್ತಾರೆ ಅನ್ನೋದು ಗೊತ್ತಾಗ್ಬೇಕು, ಅದೇ ವ್ಯಾಪಾರ.”

ಅದು ಗೊತ್ತಾಗುವ ದಾರಿಯೇ ನನಗೆ ಸಿಕ್ಕಿರಲಿಲ್ಲ. ಟೀವಿ ನೋಡಿ ‘ನಾಳೆ ಮುಚ್ಚುತ್ತದೆ’ ಎಂದರೆ ತೆರೆದಿರುತ್ತಿತ್ತು. ‘ತೆರೆಯುತ್ತದೆ’ ಎಂದರೆ ಅಲ್ಲಿ ಹಬ್ಬದ ರಜೆ. ಚಾನೆಲ್ಲಿನಲ್ಲಿ ಐದು ಜನ ತಜ್ಞರು ಕೂತು ಜಗಳವಾಡುತ್ತಿದ್ದರೆ ಅದರಲ್ಲಿ ಒಬ್ಬರಾದರೂ ಗಡಿಯ ಗೇಟು ನೋಡಿದವರು ಇರುತ್ತಿರಲಿಲ್ಲ. ಒಂದು ವರ್ಷದಲ್ಲಿ ನಾನು ಹೇಳಿದ್ದರ ಉಲ್ಟಾ ಮಾಡಿದ ರೈತರೇ ಚೆನ್ನಾಗಿದ್ದರು. ಅವರಲ್ಲಿ ಇಬ್ಬರು ಬಂದು ನನಗೆ ಧನ್ಯವಾದವನ್ನೂ ಹೇಳಿ ಹೋದರು.

ದಾರಿ ಸಿಕ್ಕಿದ್ದು ಬಾಪಿಯಿಂದ. ಬಾಪಿ ನಮ್ಮ ಮಂಡಿಯ ಹಮಾಲಿ. ನಾಲ್ಕು ಮಕ್ಕಳ ತಂದೆ, ಬಂಗಾಳದ ಗಡಿಯ ಊರಿನವನು. ದಿನಾ ಹತ್ತು ಗಂಟೆಗೆ ಟೀ ಕುಡಿಯುತ್ತ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡುತ್ತಿದ್ದ. ಅವಳನ್ನು ಅವನು ದೀದಿ ಎನ್ನುತ್ತಿದ್ದ, ಆಮೇಲೆ ನಾವೆಲ್ಲರೂ ದೀದಿ ಎಂದೇ ಕರೆದೆವು. ಒಂದು ದಿನ ಅವನು ಫೋನಿಟ್ಟು ನಗುತ್ತಿದ್ದ.

“ಏನಂತೆ ಬಾಪಿ?”

“ದೀದಿ ಬಹುತ್ ಬೈತಾಳೆ ಭಯ್ಯಾ. ಒಗೆದ ಬಟ್ಟೆ ಮೇಲೆ ಪೂರಾ ಧೂಳು. ಲಾರಿ ಮೇಲೆ ಲಾರಿ ಹೋಗ್ತಾ ಇದೆಯಂತೆ.”

ನಾನು ಟೀ ಲೋಟ ಕೆಳಗಿಟ್ಟೆ. “ಎಲ್ಲಿಗೆ ಹೋಗ್ತಾವೆ?”

“ಬಾರ್ಡರ್‌ಗೇ. ಇನ್ನೆಲ್ಲಿಗೆ?”

ದೀದಿಯ ಮನೆ ಗಡಿಗೆ ಹೋಗುವ ರಸ್ತೆಯ ಪಕ್ಕದಲ್ಲೇ. ಆ ರಸ್ತೆಯನ್ನು ಯಾರೋ ಅಗೆದು, ಆಮೇಲೆ ಮರೆತಿದ್ದರು. ಸರಕು ತುಂಬಿದ ಲಾರಿಗಳು ಆ ರಸ್ತೆಯಲ್ಲಿ ಹೋಗುತ್ತವೆ, ಖಾಲಿಯಾದವು ಊರಾಚೆಯ ಇನ್ನೊಂದು ರಸ್ತೆಯಲ್ಲಿ ವಾಪಸಾಗುತ್ತವೆ. ಅಂದಮೇಲೆ ದೀದಿಯ ಬಟ್ಟೆಯ ಹಗ್ಗದ ಮೇಲೆ ಧೂಳು ಕೂತರೆ ಗಡಿ ತೆರೆದಿದೆ, ಇಲ್ಲದಿದ್ದರೆ ಮುಚ್ಚಿದೆ. ಐದು ಜನ ತಜ್ಞರು ಸೇರಿ ಹೇಳಲಾಗದ್ದನ್ನು ಒಂದು ಒದ್ದೆ ಸೀರೆ ಹೇಳುತ್ತಿತ್ತು.

ಅವತ್ತಿನಿಂದ ಟೀವಿ ಬಂದ್. ಹತ್ತು ಗಂಟೆಗೆ ಬಾಪಿಯ ಫೋನು, ಹತ್ತೂಕಾಲಿಗೆ ವಾಟ್ಸಾಪಿನಲ್ಲಿ ನನ್ನ ದನಿ, “ಎಲ್ಲಾ ರೈತ ಬಾಂಧವರಿಗೆ ನಮಸ್ಕಾರ, ಇಂದು ಧೂಳು ಚೆನ್ನಾಗಿದೆ.” ಗುಂಪಿನ ಹೆಸರು ‘ಗಡಿ ವಾರ್ತೆ’. ವೇಮಗಲ್ಲಿನಿಂದ ಮುಳಬಾಗಿಲಿನವರೆಗೆ ಜನ ಸೇರಿಕೊಂಡರು. ದಾರಿಯಲ್ಲಿ ಸಿಕ್ಕವರು ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟು, “ಏನ್ಲಾ ಫಾರಿನ್, ಧೂಳು ಹೆಂಗೈತೆ?” ಎನ್ನತೊಡಗಿದರು. ಮಾವಿನಹಣ್ಣಿನ ಚಿತ್ರ ಹಾಕಿಕೊಂಡ ‘ಯಲ್ದೂರು ಫ್ರೆಂಡ್ಸ್’ ಎಂಬ ನಂಬರೊಂದು ದಿನಾ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟಿನ ಗುರುತು ಒತ್ತುತ್ತಿತ್ತು. ಯಾರೆಂದು ಗೊತ್ತಿರಲಿಲ್ಲ. ಇಂಥ ಒಬ್ಬ ಅಭಿಮಾನಿ ಸಾಕು ಎಂದುಕೊಳ್ಳುತ್ತಿದ್ದೆ.

ಮಳೆಗಾಲದಲ್ಲಿ ಧೂಳಿಲ್ಲ. ಆಗ ‘ಗೋಡೆಗೆ ಕೆಸರು ಎಷ್ಟು ಎತ್ತರಕ್ಕೆ ಹಾರಿದೆ’ ಎಂದು ಕೇಳುತ್ತಿದ್ದೆವು. ಮೊಳಕಾಲಿನವರೆಗೆ ಎಂದರೆ ಸುಮಾರು, ಕಿಟಕಿಯವರೆಗೆ ಎಂದರೆ ಭರ್ಜರಿ. ಸುಮಾರು ಎರಡು ವರ್ಷ ನನ್ನ ಮಾತು ಒಂದು ಸಲವೂ ಸುಳ್ಳಾಗಲಿಲ್ಲ. ಈ ಕೆಲಸದಲ್ಲಿ ಅದಕ್ಕಿಂತ ಅಪಾಯದ ಸ್ಥಿತಿ ಬೇರೆ ಇಲ್ಲ.

ಈಗ ಅತ್ತೆಯ ವಿಷಯ. ನನ್ನ ಸೋದರತ್ತೆ ಲಕ್ಷ್ಮೀದೇವಮ್ಮ ಮುಳಬಾಗಿಲು ಪಕ್ಕದ ಹಳ್ಳಿಯವಳು. ಮಾವ ನರಸಾಪುರದಲ್ಲಿ ಕಂಪನಿ ಬಸ್ಸು ಓಡಿಸುತ್ತಾರೆ, ಶಿಫ್ಟಿನ ಪ್ರಕಾರ ಬರುತ್ತಾರೆ, ಹೋಗುತ್ತಾರೆ. ಜಮೀನಿನ ಕೆಲಸವೆಲ್ಲ ಅತ್ತೆಯದು, ಮಾತೆಲ್ಲ ಮೈದುನ ನಾರಾಯಣಪ್ಪನದು. ಇಪ್ಪತ್ತು ವರ್ಷದಿಂದ ರಾಗಿ, ಹಿಪ್ಪುನೇರಳೆ, ರೇಷ್ಮೆಹುಳು, ಅಷ್ಟೇ. ಆ ವರ್ಷ ಅತ್ತೆ ನನ್ನ ‘ಗಡಿ ವಾರ್ತೆ’ ಕೇಳಿ ಕೇಳಿ ಒಂದು ಎಕರೆಗೆ ಟೊಮೆಟೊ ಹಾಕುತ್ತೇನೆ ಎಂದಳು. ನಾನು ಅಲ್ಲೇ ಇದ್ದೆ.

“ಟಮೋಟನಾ? ಅತ್ತಿಗೆ, ಅದು ಜೂಜು. ಈ ಫಾರಿನ್ ಮಂಜನ ಮಾತು ಕೇಳ್ಕೊಂಡು ಕುಣೀಬ್ಯಾಡ” ಎಂದ ನಾರಾಯಣಪ್ಪ, ನನ್ನ ಮುಖಕ್ಕೇ.

“ಒಂದ್ಸಲ ನನ್ನ ಮಾತು ನಡೀಲಿ ನಾರಾಯಣಪ್ಪ. ಇಪ್ಪತ್ತು ವರ್ಷ ನಿನ್ದು ನಡೀತು.”

“ಆಯ್ತು. ಮೊದಲ್ನೇ ಬಿಡಿಸುವಿಕೆ ನೋಡಾನ. ಅದು ಕೆಟ್ರೆ, ಮುಂದೆ ಈ ಮಣ್ಣಿಗೆ ಏನು ಬೀಳ್ಬೇಕು ಅಂತ ನಾನೇ ಹೇಳೋದು. ನೀನು ತುಟಿ ಬಿಚ್ಚೋ ಹಾಗಿಲ್ಲ.”

“ಆಯ್ತು.”

ಇಬ್ಬರೂ ನನ್ನನ್ನು ನೋಡಿದರು. ನಾನೇ ಸಾಕ್ಷಿಯಂತೆ. ಮುಚ್ಚಳಿಕೆಗೆ ಸಹಿ ಹಾಕಿದವನ ಹಾಗೆ ತಲೆ ಆಡಿಸಿದೆ.

ಗಿಡ ಚೆನ್ನಾಗಿ ಬಂತು. ಕಾಯಿ ದೋರೆಗೆ ತಿರುಗುವ ವಾರಕ್ಕೇ ಗಡಿಯಾಚೆ ಗಲಾಟೆ ಶುರುವಾಯಿತು. ಜನ ಬೀದಿಗೆ ಬಂದರು, ಸರ್ಕಾರವೇ ಬದಲಾಯಿತು. ನಿನ್ನೆಯವರೆಗೆ ನಮಗೆ ಆಪ್ತವಾಗಿದ್ದವರು ಇಲ್ಲ, ಬಂದವರು ಯಾರ ಕಡೆಗೋ ಗೊತ್ತಿಲ್ಲ. ಟೀವಿಗಳಲ್ಲಿ ಗಡಿ ಬಂದ್, ವ್ಯಾಪಾರ ಬಂದ್ ಎಂದು ಕೆಂಪಕ್ಷರ ಓಡುತ್ತಿತ್ತು. ನಾಲ್ಕು ದಿನದಿಂದ ದೀದಿಯ ಹಗ್ಗದ ಮೇಲೂ ಧೂಳು ಕೂತಿರಲಿಲ್ಲ. ಅತ್ತೆಯ ಫೋನು.

“ಮಂಜ, ನಾಳೆ ದೋರೆನಾಗೆ ಬಿಡ್ಸ್ಲಾ, ಕೆಂಪಾಗ್ಲಿ ಅಂತ ಬಿಡ್ಲಾ? ಬಿಟ್ರೆ ಬೆಂಗಳೂರಿಗೆ ಹಾಕ್ಬೋದು.”

“ಇರು ಅತ್ತೆ, ದೀದಿನ ಕೇಳ್ತೀನಿ.”

ಬಾಪಿ ಫೋನು ಹಚ್ಚಿದ. ಆ ಕಡೆಯಿಂದ ದೀದಿ ಒಂದೇ ಸಮನೆ ಬೈಯುವುದು ನನಗೂ ಕೇಳಿಸುತ್ತಿತ್ತು.

“ಏನಂತೆ?”

“ಇಷ್ಟು ಧೂಳು ಜೀವಮಾನದಲ್ಲಿ ನೋಡಿಲ್ವಂತೆ ಭಯ್ಯಾ. ಒಂದೇ ಸೀರೆ ಮೂರು ಸಲ ಒಗೆದಳಂತೆ.”

ನನ್ನ ಎದೆ ಉಬ್ಬಿತು. ಅವತ್ತು ನಾನು ಮಾಡಿದ ಬುಲೆಟಿನ್ ಈಗಲೂ ನನ್ನ ಫೋನಿನಲ್ಲಿದೆ, ಕೇಳುವ ಧೈರ್ಯವಿಲ್ಲ. “ರೈತ ಬಾಂಧವರೇ, ಟೀವಿ ನಂಬಬೇಡಿ. ಗಡಿ ತೆರೆದಿದೆ. ಹಿಂದೆಂದೂ ಇಲ್ಲದಷ್ಟು ಧೂಳು ಎದ್ದಿದೆ. ಹೊಸ ಸರ್ಕಾರಕ್ಕೂ ಸಾರಿಗೆ ಹಾಕಲು ಟೊಮೆಟೊ ಬೇಕೇ ಬೇಕು. ಧೈರ್ಯವಾಗಿ ದೋರಗಾಯಿ ಬಿಡಿಸಿ.” ಮಾವಿನಹಣ್ಣಿನ ಅಭಿಮಾನಿ ಆ ದಿನ ಎರಡು ಹೆಬ್ಬೆಟ್ಟು ಒತ್ತಿದ್ದರು.

ಮರುದಿನ ಬೆಳಿಗ್ಗೆ ಮಂಡಿ ತುಂಬ ದೋರಗಾಯಿ. ಅತ್ತೆಯ ಕಾಯಿಯೂ ಟೆಂಪೋದಲ್ಲಿ ಹೊರಟಿದೆ ಎಂದು ಫೋನು ಬಂದಿತ್ತು. ಹತ್ತು ಗಂಟೆಗೆ ಬಾಪಿ ಎಂದಿನಂತೆ ಅಕ್ಕನ ಜೊತೆ ಮಾತಾಡಿದ. ಅವನ ಮುಖ ಸಪ್ಪೆಯಾಯಿತು.

“ಭಯ್ಯಾ. ಇವತ್ತು ಧೂಳು ಇಲ್ಲ.”

“ಯಾಕೆ?”

“ಲಾರಿ ಎಲ್ಲಾ ನಿನ್ನೆಯೇ ಖತಂ ಅಂತೆ.”

“ಗಡಿ ದಾಟಿದ್ವಾ?”

“ಇಲ್ಲ ಭಯ್ಯಾ. ನಾಲ್ಕು ದಿನದಿಂದ ಸಾಲಲ್ಲಿ ನಿಂತಿದ್ದವು. ನಿನ್ನೆ ಎಲ್ಲಾ ಒಟ್ಟಿಗೇ ತಿರುಗಿಸ್ಕೊಂಡು ವಾಪಸ್. ಅದೇ ರಸ್ತೆಯಲ್ಲಿ.”

ಎರಡು ವರ್ಷ ನಾವು ಧೂಳು ಎಷ್ಟು ಎಂದು ಕೇಳಿದ್ದೆವು. ಯಾವ ಕಡೆಗೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಪಾಪಣ್ಣನವರು ಕ್ರೇಟುಗಳ ಸಾಲನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. “ಈ ಹಸಿರು ಇಟ್ಕೊಂಡು ನಾನೇನ್ಲಾ ಮಾಡ್ಲಿ, ಬಾಗ್ಲಿಗೆ ತೋರಣ ಕಟ್ಲಾ?” ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ರೈತರು ನನ್ನನ್ನು ಹುಡುಕುತ್ತಿದ್ದರು. ನಾನು ಖಾಲಿ ಕ್ರೇಟುಗಳ ಹಿಂದೆ ಕೂತಿದ್ದೆ. ದೊಡ್ಡ ದೇಶಗಳ ಮಂತ್ರಿಗಳು ಇಂಥ ಹೊತ್ತಿನಲ್ಲಿ ‘ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ’ ಎನ್ನುತ್ತಾರಲ್ಲ, ನಾನೂ ಎರಡು ಕ್ರೇಟಿನ ಸಂದಿಯಿಂದ ಅದನ್ನೇ ಮಾಡುತ್ತಿದ್ದೆ.

“ಲೇ ಮಂಜ, ಆಚೆ ಬಾ. ಕಾಲು ಕಾಣ್ತಾವೆ.”

ಅತ್ತೆ. ಬೈಯುತ್ತಾಳೆ ಎಂದುಕೊಂಡು ಎದ್ದೆ. ಅವಳು ಬೈಯಲಿಲ್ಲ, ನೇರ ಯಜಮಾನರ ಮುಂದೆ ಹೋಗಿ ನಿಂತಳು.

“ಯಜಮಾನ್ರೇ, ಗಡಿ ಮುಚ್ಚಿದ್ರೆ ಮುಚ್ಕೊಳ್ಳಿ. ಈ ಕಾಯಿ ಹಣ್ಣಾಗಕ್ಕೆ ಎಷ್ಟು ದಿನ?”

“ಐದಾರು ದಿನ ಬೇಕಮ್ಮ. ಆದ್ರೆ ಗುಡ್ಡೆ ಹಾಕಿದ್ರೆ ಬಿಸಿ ಎದ್ದು, ಹಣ್ಣಾಗೋದ್ರೊಳಗೆ ಕೊಳೀತದೆ. ಒಂದರ ಮೇಲೊಂದು ಬೀಳ್ಬಾರ್ದು, ಗಾಳಿ ಆಡ್ಬೇಕು, ಹದವಾಗಿ ತಂಪಿರ್ಬೇಕು, ದಿನಾ ನೋಡಿ ಆರಿಸ್ಬೇಕು. ಅಂಥ ಜಾಗ ಎಲ್ಲೈತೆ?”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಒಂದರ ಮೇಲೊಂದು ಬೀಳ್ಬಾರ್ದು, ಗಾಳಿ ಆಡ್ಬೇಕು, ತಂಪಿರ್ಬೇಕು, ದಿನಾ ಆರಿಸ್ಬೇಕು. ಇಪ್ಪತ್ತು ವರ್ಷದಿಂದ ನಾನು ಇನ್ನೇನು ಮಾಡೀನಿ? ಮಂಜ, ಟೆಂಪೋ ಹತ್ತು.”

ಅತ್ತೆಯ ಹುಳುಮನೆ ಆಗ ಖಾಲಿ ಇತ್ತು. ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ, ಎರಡೂ ಕಡೆ ಅಟ್ಟಣೆ, ಅದರಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಬಿದಿರಿನ ತಟ್ಟೆಗಳು, ಗೋಡೆಗೆ ನೇತುಹಾಕಿದ ಥರ್ಮಾಮೀಟರು. ಟೊಮೆಟೊಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಗಳಲ್ಲಿ ಹರಡಿದೆವು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದಳು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರು ಹಾಕಿ, ಅದನ್ನು ತುಳಿಯದೆ ಒಳಗೆ ಬರುವಂತಿಲ್ಲ ಎಂದಳು.

“ಅತ್ತೆ, ಇದು ಟಮೋಟ. ಹುಳ ಅಲ್ಲ. ಇದಕ್ಕೆ ರೋಗ ಬರಲ್ಲ.”

“ನೀನು ಗಡಿ ಗೊತ್ತು ಅಂದಿದ್ದೆ. ಈಗ ರೋಗಾನೂ ಗೊತ್ತಾ? ತುಳಿ.”

ತುಳಿದೆ.

ಸಂಜೆ ನಾರಾಯಣಪ್ಪ ಬಂದ. ಬಾಗಿಲಿನಿಂದಲೇ ಇಣುಕಿ, ಹೊಟ್ಟೆ ಹಿಡಿದುಕೊಂಡು ನಕ್ಕ. “ಏನತ್ತಿಗೆ, ಟಮೋಟ ಗೂಡು ಕಟ್ತಾವಾ?”

“ಕಟ್ಟಿದ್ರೆ ನಿಂಗೇ ಒಂದು ಪಂಚೆ ನೇಯಿಸ್ತೀನಿ ಬಿಡು.”

“ಮಾತು ನೆನಪೈತೆ ತಾನೆ? ಈ ಸಲ ಕೆಟ್ರೆ ಮುಂದೆ ನಂದೇ.”

“ಇನ್ನೂ ಕೆಟ್ಟಿಲ್ಲ.”

ನಾಲ್ಕು ದಿನ ನಾನು ಅಲ್ಲೇ ಇದ್ದೆ. ಮಂಡಿಗೆ ಹೋಗುವ ಮುಖವೂ ಇರಲಿಲ್ಲ. ಅತ್ತೆ ದಿನಕ್ಕೆ ಮೂರು ಸಲ ಒಳಗೆ ಹೋಗುವಳು, ಹುಳುವಿಗೆ ಸೊಪ್ಪು ಹಾಕುವ ಅದೇ ಹೊತ್ತುಗಳಲ್ಲಿ. ಹುಳು ಗೂಡು ಕಟ್ಟಲು ಸಿದ್ಧವಾದರೆ ನಮ್ಮ ಕಡೆ ‘ಹುಳ ಹಣ್ಣಾಯಿತು’ ಎನ್ನುತ್ತಾರೆ. ಅಂಥವನ್ನು ಆರಿಸಿ ಬೇರೆ ಮಾಡುತ್ತಾರೆ. ಆ ಕಣ್ಣಿನಿಂದಲೇ ಅವಳು ಟೊಮೆಟೊ ಆರಿಸುತ್ತಿದ್ದಳು. ಮೆತ್ತಗಾದದ್ದನ್ನು ಮುಟ್ಟುವ ಮೊದಲೇ ಗುರುತು ಹಿಡಿದು ಆಚೆಗೆ ಎಸೆಯುತ್ತಿದ್ದಳು. ಹೊರಗೆ ಬೇರೆ ಊರುಗಳಲ್ಲಿ ಗುಡ್ಡೆ ಹಾಕಿದ ದೋರಗಾಯಿ ನೀರು ಬಿಡುತ್ತಿದೆ ಎಂದು ಸುದ್ದಿ ಬರುತ್ತಿತ್ತು. ಒಳಗೆ ತಟ್ಟೆಗಳ ಮೇಲೆ ಹಸಿರು ಹಳದಿಯಾಯಿತು, ಹಳದಿ ಕಿತ್ತಳೆಯಾಯಿತು. ಕಿತ್ತಳೆ ಕೆಂಪಾಗುತ್ತದೋ ಕೊಳೆಯುತ್ತದೋ ಎಂಬುದೊಂದೇ ಉಳಿದಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ನಾರಾಯಣಪ್ಪ ಮತ್ತೆ ಬಂದ. ಈ ಸಲ ನಗಲಿಲ್ಲ. ಯಾರೂ ಹೇಳದೆಯೇ ಬ್ಲೀಚಿಂಗ್ ಪೌಡರು ತುಳಿದು ಒಳಗೆ ಬಂದ. ತಟ್ಟೆಗಳನ್ನು ನೋಡಿದ, ಛಾವಣಿ ನೋಡಿದ, ಕೆಮ್ಮಿದ.

“ಅತ್ತಿಗೆ, ಒಂದು ಹತ್ತು ತಟ್ಟೆ ಖಾಲಿ ಐತಾ?”

“ಯಾಕೆ?”

“ಸುಮ್ನೆ.”

“ಸುಮ್ನೆ ಯಾರ್ಗೂ ತಟ್ಟೆ ಬೇಕಾಗಲ್ಲ ನಾರಾಯಣಪ್ಪ.”

ಅವನು ನೆಲ ನೋಡುತ್ತ ಹೇಳಿದ. ಶ್ರೀನಿವಾಸಪುರದ ಕಡೆ, ಯಲ್ದೂರಿನ ತನ್ನ ಮಾವನ ಮಾವಿನ ತೋಪಿನಲ್ಲಿ, ಗಿಡಗಳ ಸಾಲಿನ ನಡುವೆ ಅವನೂ ಯಾರಿಗೂ ತಿಳಿಯದಂತೆ ಟೊಮೆಟೊ ಹಾಕಿದ್ದನಂತೆ. ಆ ದಿನ ದೋರೆಯಲ್ಲೇ ಬಿಡಿಸಿದನಂತೆ. ಈಗ ಟಾರ್ಪಾಲಿನ ಕೆಳಗೆ ಎಲ್ಲ ಬಿಸಿ ಏಳುತ್ತಿದೆಯಂತೆ.

ನನಗೆ ತಲೆಯಲ್ಲಿ ದೀಪ ಹತ್ತಿತು. “ಮಾವ, ಯಲ್ದೂರು ಫ್ರೆಂಡ್ಸ್ ಅಂದ್ರೆ ನೀನೇನಾ?”

ನಾರಾಯಣಪ್ಪ ಫೋನಿದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡ. ಅತ್ತೆ ಮೊದಲು ಕಿಸಕ್ಕೆಂದಳು, ಆಮೇಲೆ ತಟ್ಟೆಯ ಅಂಚು ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

“ಮುಂದಿನ ವರ್ಷ ಈ ಮಣ್ಣಿಗೆ ಏನು ಬೀಳ್ಬೇಕು ಅಂತ ಯಾರು ಹೇಳೋದು?”

“ನಿನ್ನ ಬೆಳೆ ಇನ್ನೂ ಮಾರಾಟ ಆಗಿಲ್ಲ ಅತ್ತಿಗೆ.”

“ನಿನ್ನ ಕಾಯಿ ಅಷ್ಟರವರೆಗೂ ಕಾಯ್ತದಾ?”

ಟಾರ್ಪಾಲಿನ ನೆನಪಾಯಿತೇನೋ, ನಾರಾಯಣಪ್ಪ ಬೆನ್ನು ತುರಿಸಿಕೊಂಡ. “ನೀನೇ ಹೇಳಮ್ಮ. ನೀನೇ ಹೇಳು.”

“ಎಡಗಡೆ ಕೆಳಗಿನ ಸಾಲು ಖಾಲಿ ಐತೆ. ಒಂದಕ್ಕೊಂದು ತಾಕಿಸ್ಬ್ಯಾಡ.”

ಆರನೆಯ ದಿನ ಅತ್ತೆಯ ಹಣ್ಣು ಮಂಡಿಗೆ ಬಂತು. ಒಂದೇ ಬಣ್ಣ, ಒಂದೇ ಹದ. ಊರವರ ದೋರಗಾಯಿಯಲ್ಲಿ ಅರ್ಧಕ್ಕರ್ಧ ಕೊಳೆತು, ಬೆಂಗಳೂರಿನ ವ್ಯಾಪಾರಿಗಳು ಕೆಂಪು ಹಣ್ಣಿಗೆ ಮುಗಿಬಿದ್ದಿದ್ದ ದಿನ ಅದು. ಪಾಪಣ್ಣನವರು ಒಂದು ಹಣ್ಣನ್ನು ಎತ್ತಿ, ಟೀವಿಯವರ ಮುಂದೆ ಹಿಡಿದ ಹಾಗೆಯೇ ಹಿಡಿದು, ಗಂಟಲು ಸರಿಮಾಡಿಕೊಂಡರು. ಬಸ್‌ಸ್ಟ್ಯಾಂಡಿನ ನಾಯಿಗಳು ಎದ್ದು ನಿಂತವು. ಅಷ್ಟು ಹೇಳಿದರೆ ಸಾಕು.

ನನ್ನ ಕೆಲಸ ಅವತ್ತು ಹೋಗಲಿಲ್ಲ. ಯಜಮಾನರು, “ತಪ್ಪು ಮಾಡ್ದೋನು ಇನ್ನೊಂದ್ಸಲ ಅದೇ ತಪ್ಪು ಮಾಡಲ್ಲ, ಹೊಸಬ ಮೊದಲಿಂದ ಶುರು ಮಾಡ್ತಾನೆ” ಎಂದು ಇಟ್ಟುಕೊಂಡರು. ನಾನು ಮನೆಮನೆಗೆ ಹೋಗಿ ಬೈಗುಳ ತಿಂದು ಬಂದೆ. ಅದೂ ಈ ವೃತ್ತಿಯ ಭಾಗ, ಹೊಸಬರೇ. ಮಾಲೂರಿನ ಅಜ್ಜ ಮಾತ್ರ ಬೈಯಲಿಲ್ಲ. ಅವರು ಅವತ್ತು ಬಿಡಿಸಿಯೇ ಇರಲಿಲ್ಲವಂತೆ. “ಅಷ್ಟೊಂದು ಧೂಳು ಅಂದ್ಯಲ್ಲಪ್ಪ, ಕುರಿ ಮೇಯಕ್ಕೆ ಹೋಗ್ವಾಗ ಅಷ್ಟು ಏಳಲ್ಲ, ಮನೆಗೆ ಬರ್ವಾಗ್ಲೇ ಏಳೋದು” ಎಂದರು. ಇದನ್ನು ಆ ದಿನವೇ ಗುಂಪಿನಲ್ಲಿ ಹೇಳಬಾರದಿತ್ತಾ ತಾತ ಎಂದರೆ, “ನಂಗೆ ದನಿ ಕಳ್ಸಕ್ಕೆ ಬರಲ್ಲ, ಕೇಳಕ್ಕಷ್ಟೇ ಬರ್ತದೆ” ಎಂದರು.

ಗಡಿ ಮತ್ತೆ ತೆರೆಯಿತು. ಪಂಕ್ತಿಗೆ ಕೂರುವ ಹೊತ್ತು ಬಂದಿತ್ತು ಎನ್ನಿ. ಈಗ ನಾನು ಹೆದರಿದ್ದೆ, ಬಾಯಿ ಮಾತು ಸಾಕಾಗುತ್ತಿರಲಿಲ್ಲ. ಅತ್ತೆಯ ಎರಡನೆಯ ಬೆಳೆ ದೋರೆಗೆ ತಿರುಗಿದಾಗ, ಬಾಪಿಯನ್ನೂ ಕರೆದುಕೊಂಡು ಅವಳ ಹೊಲಕ್ಕೇ ಹೋದೆ. ದೀದಿಗೆ ವಿಡಿಯೋ ಕರೆ ಮಾಡಿಸಿದೆ. ಅವಳ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಅಗಲವಾದ ಹಣೆ, ಬಾಯಲ್ಲಿ ಎಲೆಅಡಿಕೆ, ಹಿಂದೆ ಆ ಪ್ರಸಿದ್ಧ ಬಟ್ಟೆಯ ಹಗ್ಗ. ನಾನು ಕೈ ಮುಗಿದು, ಬಾಪಿಯ ಮೂಲಕ, ಲಾರಿಗಳು ಯಾವ ದಿಕ್ಕಿಗೆ ಸಾಗುತ್ತಿವೆ, ಅವು ತುಂಬಿವೆಯೋ ಖಾಲಿಯೋ ಎಂದು ನಾಲ್ಕು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದೆ.

ಅತ್ತೆ ನನ್ನ ಭುಜದ ಮೇಲಿಂದ ಇಣುಕಿ, “ಧೂಳು?” ಎಂದಳು.

“ಧುಲೋ!” ಎಂದು ಆ ಕಡೆಯಿಂದ ಕೂಗಿ, ದೀದಿ ಫೋನನ್ನು ರಸ್ತೆಯ ಕಡೆಗೆ ತಿರುಗಿಸಿದಳು. ತುಂಬಿದ ಲಾರಿಗಳು ಒಂದರ ಹಿಂದೊಂದು ಎಡದಿಂದ ಬಲಕ್ಕೆ ಹೋಗುತ್ತಿದ್ದವು. ದೀದಿ ಕೈ ಚಾಚಿ ಬಲಗಡೆ ತೋರಿಸಿ, ಗಡಿ ಆ ಕಡೆ ಎಂದು ಅಭಿನಯಿಸಿದಳು. ಅತ್ತೆ ಒಂದು ದೋರಗಾಯಿ ಕಿತ್ತು ಫೋನಿಗೆ ತೋರಿಸಿ, ಇದನ್ನೀಗ ಬಿಡಿಸಲಾ ಎಂದು ಹುಬ್ಬು ಹಾರಿಸಿದಳು. ದೀದಿ ಜೋರಾಗಿ ತಲೆ ಆಡಿಸಿದಳು. ಆಮೇಲೆ ದೀದಿ ಮೂರು ಸಲ ಒಗೆದ ಆ ಸೀರೆಯನ್ನು ತೋರಿಸಿದಳು. ಅತ್ತೆ ಅದರ ಅಂಚು ಚೆನ್ನಾಗಿದೆ ಎಂದು ಕೈಸನ್ನೆ ಮಾಡಿ, ನಮ್ಮ ಮನೆ ರೇಷ್ಮೆ ನೋಡು ಎಂದು, ವಿಡಿಯೋ ಕರೆಗೆಂದೇ ಉಟ್ಟು ಬಂದಿದ್ದ ಸೀರೆಯ ಸೆರಗನ್ನು ಹಿಡಿದಳು. ಬಾಪಿ ಅನುವಾದ ಮಾಡಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮುಚ್ಚಿದ.

ನಾನು ನನ್ನ ನಾಲ್ಕು ಪ್ರಶ್ನೆಗಳ ಕಾಗದ ಹಿಡಿದುಕೊಂಡು ನಡುವೆ ನಿಂತಿದ್ದೆ.

“ಲೇ ಮಂಜ” ಎಂದಳು ಅತ್ತೆ, ಫೋನಿನಿಂದ ಕಣ್ಣು ತೆಗೆಯದೆ. “ಸ್ವಲ್ಪ ಪಕ್ಕಕ್ಕೆ ಸರ್ಕೊಳೋ. ನಿನ್ನ ತಲೆ ಅಡ್ಡ ಬಂದು ನನ್ನ ಮುಖ ಅವ್ಳಿಗೆ ಕಾಣಿಸ್ತಿಲ್ಲ.”

ಸರಿದುಕೊಂಡೆ. ಮರುದಿನ ಪಾಪಣ್ಣನವರಿಗೆ ರಾಜೀನಾಮೆ ಕೊಟ್ಟೆ.